ಸಬ್‌ವೂಫರಿಗೆ ಒಂದು ಮೂಲೆ

ಕೆಳಶ್ರುತಿಯ ಸದ್ದು ನಿನಗೆ ಕೇಳುತ್ತಲೇ ಇಲ್ಲ ಎಂದು ಕೋಥರೂಡದ ಸ್ಟುಡಿಯೋದವರು ಮತ್ತೆ ಮತ್ತೆ ಹೇಳಿದ ಮೇಲೆ ಮಾಧುರಿ ಒಂದು ಹಳೆಯ ಸಬ್‌ವೂಫರ್ ಕೊಂಡು ತಂದಳು. ಮರಾಠಿ ಜಾಹೀರಾತುಗಳಿಗೆ ಕನ್ನಡದ ದನಿ ಕೂರಿಸುವ ಸ್ಟುಡಿಯೋ ಅದು. ದನಿ ಕೊಟ್ಟವರ ಉಸಿರು, ತುಟಿ ಬಡಿದ ಸದ್ದು, ಏಸಿಯ ಗುಂಯ್‌ಗುಡುವಿಕೆ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿ ತೆಗೆಯುವುದು ಅವಳ ಕೆಲಸ. ಮನೆಯಲ್ಲೇ ಕೂತು ಮಾಡುತ್ತಿದ್ದಳು. ಮೇಜಿನ ಮೇಲಿನ ಎರಡು ಸಣ್ಣ ಸ್ಪೀಕರುಗಳು ಏಸಿಯ ಸದ್ದನ್ನು ನುಂಗಿಬಿಡುತ್ತಿದ್ದವು. ಕೇಳದ್ದನ್ನು ತೆಗೆಯಲು ಬರುವುದಿಲ್ಲ.

ಸಬ್‌ವೂಫರ್ ಕೆಳಶ್ರುತಿಯ ಸದ್ದನ್ನಷ್ಟೇ ನುಡಿಸುವ, ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ. ಮೊದಲು ಮೇಜಿನ ಕೆಳಗೆ, ಕಾಲ ಬಳಿ ಇಟ್ಟಳು. ಎಲ್ಲರೂ ಕೊಡದೊಳಗೆ ಕೂತು ಮಾತಾಡಿದ ಹಾಗೆ ಕೇಳಿತು. ಬಾಗಿಲ ಹಿಂದೆ ಇಟ್ಟಳು. ಸದ್ದು ಸತ್ತೇ ಹೋಯಿತು. ಸ್ಟುಡಿಯೋದ ಹಿರಿಯನೊಬ್ಬ ಫೋನಿನಲ್ಲಿ ಉಪಾಯ ಹೇಳಿಕೊಟ್ಟ. ಪೆಟ್ಟಿಗೆಯನ್ನು ನೀನು ಕೂರುವ ಕುರ್ಚಿಯ ಮೇಲೆ ಇಡು, ಒಂದು ಕೆಳದನಿಯನ್ನು ಬಿಡದೆ ಹಚ್ಚು, ಆಮೇಲೆ ನೀನು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಹೋಗು. ಎಲ್ಲಿ ನಿನ್ನ ಕಿವಿಗೆ ಸದ್ದು ಸಮ ಅನಿಸುತ್ತದೋ ಅದೇ ಪೆಟ್ಟಿಗೆಯ ಜಾಗ.

ಮಧ್ಯಾಹ್ನ ಊಟವಾದ ಮೇಲೆ ಅವಳು ಹಾಗೆಯೇ ಮಾಡಿದಳು. ಹೊರಗೆ ಶ್ರಾವಣದ ಜಿಟಿಜಿಟಿ. ಗಲ್ಲಿಯ ಕಡೆಯ ಕಿಟಕಿಯ ಪಕ್ಕದ ಮಂಚದಲ್ಲಿ ಅಜ್ಜಿ ಶಿವಗಂಗವ್ವ ಕಾಲು ಚಾಚಿ ಕೂತು ಮೊಮ್ಮಗಳನ್ನು ನೋಡುತ್ತಿದ್ದಳು.

"ಏನವಾ ಇದು, ಈ ವಯಸ್ನಾಗ ಅಂಬೆಗಾಲು?"

"ಸದ್ದು ಹುಡುಕ್ಲಿಕ್ಕತ್ತೀನಿ ಆಯಿ."

"ಸದ್ದೇನ್ ಸೂಜಿ ಏನು, ನೆಲದ ಮ್ಯಾಲ ಬಿದ್ದಿರಾಕ? ಕುರ್ಚಿ ಮ್ಯಾಲ ಡಬ್ಬಿ ಕುಂಡ್ರಿಸಿ, ಮನಷ್ಯಾರು ನೆಲದ ಮ್ಯಾಲ. ಭಾಳ ಶಾಣ್ಯಾ ಕೆಲಸ ನಿಂದು."

ಕಪಾಟಿನ ಬಳಿ ಸದ್ದು ತೆಳುವಾಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಸುಮಾರಾಗಿತ್ತು. ಕೆಳದನಿ ಎಲ್ಲಿಂದ ಬರುತ್ತದೆ ಎಂದು ಕಿವಿ ಹೇಳಲಾರದು, ಆದರೆ ಎಲ್ಲಿ ಗುಡ್ಡೆ ಬೀಳುತ್ತದೆ ಎಂದು ಮೈಗೆ ಗೊತ್ತಾಗುತ್ತದೆ. ಮಂಚದ ಕಾಲು ದಾಟಿ ಮೂಲೆಗೆ ಬಂದಾಗ ಎದೆಯ ಮೂಳೆಯೇ ನಡುಗಿತು. ಎರಡು ಗೋಡೆಗಳು ಕೂಡುವ ಜಾಗ. ಅಲ್ಲಿ ಹಳೆಯ ಸಾಗವಾನಿ ಕಂಬವಿತ್ತು. ಅದಕ್ಕೆ ಪ್ಲೈವುಡ್ ಹೊದಿಸಿ ಕಂದು ಬಣ್ಣ ಬಳಿದಿತ್ತು. ಮೇಲೆ ಬಸವಣ್ಣನ ಫೋಟೋ, ಅದರ ಕೆಳಗೆ ಬೆಲ್ಲದ ಅಂಗಡಿಯ ಕ್ಯಾಲೆಂಡರು.

ಕೆಳದನಿಯ ಜೊತೆಗೆ ಇನ್ನೊಂದು ಸದ್ದು ಕೇಳಿತು. ಒಣ ಕರಕರ.

ಅಜ್ಜಿಯ ಗುಳಿಗೆ ಡಬ್ಬಿ ಇರಬೇಕೆಂದು ಅದನ್ನು ತೆಗೆದು ಹಾಸಿಗೆಯ ಮೇಲೆ ಇಟ್ಟಳು. ಕರಕರ ನಿಲ್ಲಲಿಲ್ಲ. ಫೋಟೋ ಇಳಿಸಿದಳು. ನಿಲ್ಲಲಿಲ್ಲ. ಎದ್ದುಹೋಗಿ ದನಿ ಆರಿಸಿದಳು, ಎಲ್ಲವೂ ನಿಂತಿತು. ಮತ್ತೆ ಹಚ್ಚಿ, ದನಿಯ ಶ್ರುತಿಯನ್ನು ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಸುತ್ತ ಬಂದಳು. ಒಂದು ಕಡೆ ಬಂದಾಗ ಪ್ಲೈವುಡ್ಡು ಒಳಗಿನಿಂದ ಯಾರೋ ಉಗುರಿನಲ್ಲಿ ಕೆರೆದ ಹಾಗೆ ಸದ್ದು ಮಾಡಿತು. ಅದರ ಕೆಳ ಅಂಚಿನಿಂದ ಸಣ್ಣ ಹುಡಿ ಸುರಿಯತೊಡಗಿತು. ಬೇಳೆಹಿಟ್ಟಿನ ಬಣ್ಣದ ಹುಡಿ. ಸುರಿಯುತ್ತಲೇ ಇತ್ತು.

ಅವಳು ಸ್ಕ್ರೂಡ್ರೈವರ್ ತಂದಳು.

"ಅದನ್ನ ಮುಟ್ಟಬ್ಯಾಡ," ಅಂದಳು ಅಜ್ಜಿ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಿಮ್ಮಪ್ಪ ಬೈತಾನ."

"ಯಾಕ ಬೈತಾರ?"

"ಮುಟ್ಟಬ್ಯಾಡ ಅಂದೆ."

ಹಲಗೆ ಸಲೀಸಾಗಿ ಬಿಚ್ಚಿಕೊಂಡಿತು. ಒಳಗಿನ ಕಂಬ ಮೇಲ್ನೋಟಕ್ಕೆ ಕಂಬದಂತೆಯೇ ಇತ್ತು. ನಡುವೆ ಒಂದು ಸೀಳು. ಮಾಧುರಿ ಅದರೊಳಗೆ ಬೆರಳು ಹಾಕಿದಳು, ಬೆರಳಿಗೆ ಏನೂ ತಗಲಲಿಲ್ಲ. ಕೈ ಹಾಕಿದಳು. ಮಣಿಕಟ್ಟಿನವರೆಗೆ ಹೋಯಿತು. ಒಳಗೆ ಚಹದಲ್ಲಿ ನೆನೆದ ಬಿಸ್ಕೀಟಿನಂಥ ಮೆತ್ತಗಿನ ಪದಾರ್ಥ, ಅದರಲ್ಲಿ ಓಡಾಡುವ ಜೀವ. ಕೈ ಕಿತ್ತುಕೊಂಡಳು. ಗೆದ್ದಲು ಅವಳ ತೋಳಿನ ಮೇಲೆ ಹರಿಯುತ್ತಿದ್ದವು. ಕಂಬದ ನೆತ್ತಿಯ ಮೇಲೆ ತೊಲೆಯ ತುದಿ ಕೂತಿತ್ತು. ತೊಲೆಯ ಮೇಲೆ ಇಡೀ ಮಾಡು. ಕಂಬಕ್ಕೂ ಗೋಡೆಗೂ ನಡುವೆ ಬಿರುಕು ಬಿಟ್ಟು, ಅದರೊಳಗಿಂದ ಗಲ್ಲಿಯ ಬೆಳಕು ಗೆರೆಯಾಗಿ ಕಾಣುತ್ತಿತ್ತು.

ಅದರ ಕೆಳಗೆ ಅಜ್ಜಿಯ ದಿಂಬು.

ಮಾಧುರಿ ಓಡಿಹೋಗಿ ಸಬ್‌ವೂಫರಿನ ವೈರನ್ನೇ ಗೋಡೆಯಿಂದ ಕಿತ್ತಳು. ಆಮೇಲೆ ಮಂಚವನ್ನು ಅಜ್ಜಿಯ ಸಮೇತ ಅಡಿಗೆಮನೆಯ ಕಡೆಗೆ ಎಳೆದಳು. ಮಂಚದ ಕಾಲು ಹಲಗೆ ನೆಲದ ಮೇಲೆ ಕಿರ್ರೆಂದಾಗ ಅವಳು ನಿಂತುಬಿಟ್ಟಳು. ಆ ಸದ್ದಿಗೂ ಏನಾದರೂ ಆದೀತು ಅನಿಸಿತು. ಉಳಿದದ್ದನ್ನು ಎತ್ತಿ ಎತ್ತಿ ಇಟ್ಟಳು.

ಅಪ್ಪ ಮುರುಗೆಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾಣಜಿ. ಸಂಜೆ ಬಂದವನು ಬಿಚ್ಚಿಟ್ಟ ಹಲಗೆಯನ್ನು ನೋಡಿದ. ಮಂಚವನ್ನು ನೋಡಿದ. ಮೊದಲು ಕಿಟಕಿ ಮುಚ್ಚಿದ.

"ಎಂದಿನಿಂದ ಗೊತ್ತದ ನಿಮಗ?" ಎಂದು ಮಾಧುರಿ ಕೇಳಿದಳು.

"ಏನು?"

"ಕಂಬದ ಒಳಗ ಏನೂ ಇಲ್ಲ ಅನ್ನೋದು."

"ಏನೂ ಇಲ್ಲ ಅನಬ್ಯಾಡ. ಹೊರಗಿನ ಕಟ್ಟು ಗಟ್ಟಿ ಅದ. ಸಾಗವಾನಿ ಅದು, ನಮ್ಮ ನಿಮ್ಮಂಗ ಅಲ್ಲ."

"ನನ್ನ ಕೈ ಒಳಗ ಹೋತ್ರಿ ಅಪ್ಪಾ."

"ಕೈ ಯಾಕ ಹಾಕಿದಿ?"

ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಸ್ಕ್ರೂಡ್ರೈವರ್ ತಗೊಂಡು ಹಲಗೆಯನ್ನು ತಿರುಗಿ ಕೂರಿಸತೊಡಗಿದ. ಸ್ಕ್ರೂಗಳನ್ನು ಮೆಲ್ಲಗೆ ತಿರುವುತ್ತಿದ್ದ, ರೋಗಿಯ ಮೈಗೆ ಪಟ್ಟಿ ಕಟ್ಟುವವನ ಹಾಗೆ. ಆಗ ಅವಳಿಗೆ ತಿಳಿಯಿತು. ಹಲಗೆ ಹೊದಿಸಿದ್ದು ಚಂದಕ್ಕಲ್ಲ. ಮನೆಯ ಮಾಲೀಕರಿಗೆ ಕಾಣದಿರಲಿ ಎಂದು. ಪ್ರತಿ ವರ್ಷ ದೀಪಾವಳಿಗೆ ಬಣ್ಣ ಬಳಿಯುತ್ತಿದ್ದದ್ದೂ ಅದಕ್ಕೇ.

"ಕಾರ್ಪೊರೇಶನ್‌ದವರಿಗೆ ಹೇಳೋಣು," ಅಂದಳು.

"ಹೇಳು. ಬರ್ತಾರ, ಬಾಗಿಲಿಗೆ ನೋಟೀಸ್ ಹಚ್ತಾರ, ಪೊಲೀಸ್ರನ್ನ ನಿಂದರಸ್ತಾರ. ಆಮ್ಯಾಲ? ಹಿಂದಿನ ಖೋಲಿ ಮೋಹನದಾಸಂದ ಏನಾತು? ರಿಪೇರಿ ಅಂತ ಹೇಳಿ ಬಿಡಿಸಿದ್ರು. ಈಗ ಚಿಂಚವಾಡದ ಆಚೆ ಹೋಗಿ ಕುಂತಾನ. ಅವನ ಬಾಗಿಲಿಗೆ ಮಾಲೀಕರ ಮಗ ಅವಧೂತನ ಕೀಲಿ ಅದ."

"ಕಾಯ್ದೇದಾಗ ನಮಗ ಹಕ್ಕು ಅದರೀ."

"ಮೋಹನದಾಸಗೂ ಇತ್ತು."

ಇದು ಪೇಠೆಯ ನಡುವಿನ ಹಳೆಯ ವಾಡಾ, ಕಟ್ಟಿಗೆಯ ಕಂಬ ತೊಲೆಗಳ ಮೇಲೆ ನಿಂತ ಬಾಡಿಗೆ ಖೋಲಿಗಳ ಕಟ್ಟಡ. ಅಜ್ಜನ ಕಾಲದ ಬಾಡಿಗೆ, ಅಜ್ಜನ ಕಾಲದ ಕರಾರು. ಒಂದೊಂದಾಗಿ ಎಲ್ಲ ಕುಟುಂಬಗಳೂ ಬಿಟ್ಟುಹೋಗಿ ಇವರೊಬ್ಬರೇ ಉಳಿದಿದ್ದರು. ಒಮ್ಮೆ ಖಾಲಿ ಮಾಡಿದ ಖೋಲಿ ತಿರುಗಿ ಸಿಗುವುದಿಲ್ಲ ಎಂಬುದು ಮುರುಗೆಪ್ಪನಿಗೆ ಗೊತ್ತಿದ್ದ ಒಂದೇ ಕಾಯ್ದೆ. ಹಾಗಾಗಿ ಈ ಮನೆಯಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಮದುವೆ, ಮಣ್ಣು, ಜಾತ್ರೆ, ಯಾವುದಕ್ಕೂ ಎಲ್ಲರೂ ಕೂಡಿ ಹೋದದ್ದಿಲ್ಲ. ಈಗಲೂ ಮಾಧುರಿಯ ತಾಯಿ ನಾಗವ್ವ ತಂಗಿಯ ಮಗಳ ಸೀಮಂತದ ಕುಬಸಕ್ಕೆಂದು ಒಬ್ಬಳೇ ಜಮಖಂಡಿಗೆ ಹೋಗಿದ್ದಳು. ಅಜ್ಜಿಯ ಮೊಣಕಾಲು ಕೆಟ್ಟು ಅವಳು ಮೆಟ್ಟಿಲಿಳಿಯುವುದು ನಿಂತದ್ದು ಮನೆಗೆ ಒಂದು ಅನುಕೂಲವೇ ಆಗಿತ್ತು. ಯಾರೂ ಹಾಗೆ ಬಾಯಿಬಿಟ್ಟು ಅಂದಿರಲಿಲ್ಲ ಅಷ್ಟೆ.

"ಆ ಡಬ್ಬಿ ಹಚ್ಚಬ್ಯಾಡ ಇನ್ನ ಮ್ಯಾಲ," ಅಂದ ಮುರುಗೆಪ್ಪ. "ಹಚ್ಚಿದ್ರ ಅಲುಗಾಡ್ತದ. ಹಚ್ಚಲಿಲ್ಲಂದ್ರ ಎಲ್ಲಾ ಬರೋಬರಿ ಅದ. ನಾಳೆ ದಹೀಹಂಡಿ ಗದ್ದಲ ಮುಗೀಲಿ, ನಮ್ಮೂರ ಕಡೆ ಬಡಿಗ್ಯಾನ್ನ ಕರಸ್ತೀನಿ. ಬಾಯಿ ಬಿಡೂದಿಲ್ಲ ಅಂವ."

ಗಲ್ಲಿಯಲ್ಲಿ ಹಾಡು ಹಚ್ಚಿ ಮೊಸರಿನ ಗಡಿಗೆ ಒಡೆಯುವ ದಹೀಹಂಡಿಯ ಮಾತು ಕೇಳಿ ಮಾಧುರಿ ಅಪ್ಪನ ಮುಖ ನೋಡಿದಳು. ಅವನಿಗೆ ಅದು ಹೊಳೆದೇ ಇರಲಿಲ್ಲ. ಮೊಣಕಾಲೆತ್ತರದ ಪೆಟ್ಟಿಗೆಯೊಂದು ಕೋಣೆಯ ಆ ತುದಿಯಿಂದ ಕಂಬವನ್ನು ಅಲ್ಲಾಡಿಸಿತ್ತು. ನಾಳೆ ಗಲ್ಲಿಗೆ ಬರುವ ಪೆಟ್ಟಿಗೆಗಳು ಆಳೆತ್ತರದವು.

"ಎಲ್ಲಿ ಇಡ್ತಾರಂತ ಗೊತ್ತದೇನ್ರಿ?" ಎಂದು ಕೇಳಿದಳು.

"ಏನು?"

"ಸ್ಪೀಕರು."

"ಪ್ರತಿ ವರ್ಷ ಆ ತುದ್ಯಾಗ, ಹೊಟೇಲ ಮುಂದ ಇಡ್ತಾರ. ಸುಮ್ನ ಮಲ್ಕೋ."

ಮರುದಿನ ಮುರುಗೆಪ್ಪ ಅಂಗಡಿಗೆ ಹೋದ ಮೇಲೆ ಟೆಂಪೋ ಬಂತು. ಹೊಟೇಲಿನ ಮುಂದೆ ನಿಲ್ಲಲಿಲ್ಲ. ವಾಡಾದ ಗೋಡೆಯೂ ಪಕ್ಕದ ಹೊಸ ಕಟ್ಟಡದ ಗೋಡೆಯೂ ಕೂಡುವಲ್ಲಿ, ಸರಿಯಾಗಿ ಇವರ ಕಿಟಕಿಯ ಕೆಳಗೆ ನಿಂತಿತು. ನಾಲ್ಕು ಜನ ಸೇರಿ ಒಂದು ಪೆಟ್ಟಿಗೆ ಇಳಿಸಿದರು. ಅದು ನೆಲಕ್ಕೆ ಕೂತಾಗಿನ ಧಡ್ ಎಂಬ ಸದ್ದು ಮಾಧುರಿಯ ಅಂಗಾಲಿಗೆ ಬಂತು. ಮಂಚದ ಮೇಲೆ ಅಜ್ಜಿ ಕಣ್ಣು ಮುಚ್ಚಿದ್ದಳು, ಮಲಗಿರಲಿಲ್ಲ.

ಮಾಧುರಿ ಚಪ್ಪಲಿ ಹಾಕದೆ ಇಳಿದು ಓಡಿದಳು.

ಸೌಂಡ್ ಸಿಸ್ಟಮ್ಮು ಸುಖೇಶನದು. ಗಲ್ಲಿಯ ತುದಿಯ ಹೊಟೇಲಿನ ಮಾಲೀಕರ ಮಗ. ಉಡುಪಿ ಕಡೆಯವರು. ಅವನೂ ಮಾಧುರಿಯೂ ಒಂದೇ ಶಾಲೆ.

"ಸುಖೇಶ್, ಇದನ್ನ ಇಲ್ಲಿ ಇಡಬ್ಯಾಡೋ."

"ಎಂತ ಆಯ್ತು? ಅಜ್ಜಿಗೆ ನಿದ್ದೆ ಬರುದಿಲ್ವಾ? ಒಂದು ದಿನ ಅಲ್ವಾ ಮಾರಾಯ್ತಿ."

"ಪ್ರತಿ ಸಲ ನಿಮ್ಮ ಹೊಟೇಲ ಮುಂದ ಇಡ್ತಿದ್ರಲ್ಲ."

"ಅಲ್ಲಿ ಇಟ್ಟು ಇಟ್ಟು ಅಪ್ಪನ ಗಿರಾಕಿ ಎಲ್ಲ ಓಡಿಹೋದ್ರು. ಮತ್ತೆ ಅಲ್ಲಿ ಬಯಲು, ಸದ್ದು ಹಾರಿ ಹೋಗ್ತದೆ. ನಿಂಗೆ ನಾನು ಹೇಳ್ಬೇಕಾ? ನೀನೂ ಇದೇ ಕೆಲಸದವಳಲ್ವಾ. ನೋಡು, ಈಚೆ ಗೋಡೆ, ಆಚೆ ಗೋಡೆ, ಕೆಳಗೆ ಕಾಂಕ್ರೀಟು. ಮೂಲೆ ಅಂದ್ರೆ ಇದು. ನಾಲ್ಕು ಬಾಕ್ಸು ಎಂಟರ ಕೆಲಸ ಮಾಡ್ತದೆ."

ಅವನು ಹೇಳಿದ್ದು ಸರಿಯಾಗಿತ್ತು. ಸುತ್ತ ಹಬ್ಬ ನಡೆಸುವ ಮಂಡಳದ ಹುಡುಗರು ಓಡಾಡುತ್ತಿದ್ದರು. ಯಾರಿಗೂ ಕನ್ನಡ ಬಾರದು. ಆದರೂ ಅವಳು ದನಿ ತಗ್ಗಿಸಿದಳು.

"ಕೇಳ್ ಇಲ್ಲೆ. ಇದರ ನೇರಕ್ಕ ಮ್ಯಾಲ ನಮ್ಮ ಕಂಬ ಅದ. ಪೂರಾ ಟೊಳ್ಳು. ಗೆದ್ದಲ ತಿಂದಾವ. ನೀ ಇದನ್ನ ಹಚ್ಚಿದ್ರ ಗೋಡೆ ನಿಲ್ಲೂದಿಲ್ಲ. ಯಾರಿಗೂ ಹೇಳಬ್ಯಾಡ."

ಸುಖೇಶ್ ಮೇಲೆ ನೋಡಿದ. ನಗು ಹೋಗಿತ್ತು. "ಅಜ್ಜಿ?"

"ಮ್ಯಾಲ ಅದಾಳ."

"ಮತ್ತೆ ಕೆಳಗೆ ತರುದಲ್ವಾ? ಎಂತ ಜನ ನೀವು?"

"ತರಾಕ ಬರಂಗಿಲ್ಲ. ನೀ ಸ್ಪೀಕರ್ ತಗೀ, ಸಾಕು. ಏನರ ಸುಳ್ಳ ಹೇಳು."

ಸುಖೇಶ್ ಹೋಗಿ ಮಂಡಳದ ಅಧ್ಯಕ್ಷ ಋಷಿಕೇಶನಿಗೆ ಮರಾಠಿಯಲ್ಲಿ ಸುಳ್ಳು ಹೇಳಿದ. ಇಲ್ಲಿ ಸದ್ದು ಕಲಸಿಹೋಗುತ್ತದೆ, ಹೊಟೇಲ ಮುಂದೆಯೇ ಒಳ್ಳೆಯದು ಎಂದ. ಚೆನ್ನಾಗಿ ಹೇಳಲಿಲ್ಲ. ಅವನ ಕಣ್ಣು ಪದೇ ಪದೇ ಮೇಲಿನ ಕಿಟಕಿಗೆ ಹೋಗುತ್ತಿತ್ತು.

"ಬೆಳಿಗ್ಗೆ ಈ ಮೂಲೆ ಬಂಗಾರ ಎಂದವನು ನೀನೇ," ಅಂದ ಋಷಿಕೇಶ. "ಈಗ ಕಲಸಿಹೋಗುತ್ತದೆಯೋ? ಏನು, ಶಾಲೆಯ ಗೆಳತಿ ಬಂದು ಎರಡು ಮಾತಾಡಿದ ಕೂಡಲೇ ಕಿವಿ ಬದಲಾಯಿತೋ?" ಹುಡುಗರು ನಕ್ಕರು. "ವಾಡಾದ ಮಾಲೀಕರೇ ಜಾಗ ಕೊಟ್ಟಿದ್ದಾರೆ. ಬೇಕಾದರೆ ಅವರನ್ನು ಕೇಳು."

ವಾಡಾದ ಮಾಲೀಕರ ಮಗ ಅವಧೂತ ಅಲ್ಲೇ ಬೈಕು ನಿಲ್ಲಿಸಿ ರೇನ್‌ಕೋಟು ಬಿಚ್ಚುತ್ತಿದ್ದ. ಮೂವತ್ತೈದರ, ಮೆಲುಮಾತಿನ ಮನುಷ್ಯ. ಎಂದೂ ದನಿ ಏರಿಸಿದವನಲ್ಲ. ಹಬ್ಬಕ್ಕೆ ಪೇಢೆ ಕೊಟ್ಟು ಹೋಗುತ್ತಿದ್ದ. ಮುರುಗೆಪ್ಪ ಅದನ್ನು ಯಾರಿಗೂ ತಿನ್ನಗೊಡುತ್ತಿರಲಿಲ್ಲ.

"ಏನಾಯಿತು ಮಾಧುರಿ?"

"ಆಜಿಗೆ ಬಿಪಿ," ಎಂದಳು ಅವಳು ಮರಾಠಿಯಲ್ಲಿ. "ಸದ್ದು ತಡೆಯೋದಿಲ್ಲ."

"ಅಷ್ಟೇ ತಾನೆ? ನನ್ನ ಕಾರು ತರಿಸುತ್ತೇನೆ. ಆಜಿಯನ್ನು ಕರಕೊಂಡು ನೀನೂ ಬಾ. ನಮ್ಮ ಫ್ಲಾಟಿನಲ್ಲಿ ಆರಾಮಾಗಿ ಇರಲಿ, ಸಂಜೆ ತಂದು ಬಿಡುತ್ತೇನೆ. ಮುರುಗೆಪ್ಪ ಕಾಕಾನಿಗೂ ಅಲ್ಲಿಗೇ ಬರಲು ಹೇಳು."

ಅವನ ಮುಖದಲ್ಲಿ ಏನೂ ಕಾಣಲಿಲ್ಲ. ನಿಜವಾಗಿ ಹೇಳಿದ್ದೋ, ಖೋಲಿ ಖಾಲಿಯಾಗಲಿ ಎಂದು ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಅವಳು ಪಕ್ಕಕ್ಕೆ ಹೋಗಿ ಅಪ್ಪನಿಗೆ ಫೋನು ಹಚ್ಚಿದಳು.

"ಕಿಟಕಿ ಕೆಳಗ ಇಟ್ಟಾರ್ರಿ ಅಪ್ಪಾ. ಸರೀ ಕಂಬದ ಕೆಳಗ."

ಆ ಕಡೆ ಬೆಲ್ಲದ ಹರಾಜಿನ ಕೂಗು ಕೇಳುತ್ತಿತ್ತು. "ನಾ ಬರ್ತೀನಿ," ಅಂದ ಮುರುಗೆಪ್ಪ. "ಬರೂ ತನಕಾ ಯಾರ ಮುಂದೂ ಏನೂ ಅನಬ್ಯಾಡ. ಖೋಲಿ ಬಿಟ್ಟ ಹೊರಗ ಬರಬ್ಯಾಡ."

"ಆಯಿನ್ನರ ಇಳಸ್ಲೇನ್ರಿ?"

"ಅನಬ್ಯಾಡ ಅಂದೆ."

ಫೋನು ಕಿವಿಯಲ್ಲಿರುವಾಗಲೇ ಹಿಂದಿನಿಂದ ಋಷಿಕೇಶ ಕೂಗಿದ, ಒಂದು ಸಲ ಹಚ್ಚಿ ನೋಡೋಣ, ಬರೇ ಒಂದು ಸಲ. ಸುಖೇಶ್ ಬೇಡ ಎಂದು ಕೈ ಅಡ್ಡ ತಂದ. ಅಷ್ಟರಲ್ಲಿ ಋಷಿಕೇಶನ ಕೈಯೇ ಗುಂಡಿಯ ಮೇಲಿತ್ತು.

ಅದು ಸದ್ದಾಗಿ ಕೇಳಲಿಲ್ಲ. ಯಾರೋ ಎದೆಗೆ ಅಂಗೈಯಿಂದ ತಳ್ಳಿದ ಹಾಗಾಯಿತು. ಇನ್ನೊಂದು ಸಲ ತಳ್ಳಿತು. ಮತ್ತೊಂದು ಸಲ. ಎದುರಿನ ಅಂಗಡಿಯ ಶಟರುಗಳು ಒಟ್ಟಿಗೆ ನಡುಗಿದವು. ಸುಖೇಶ್ ವೈರು ಕಿತ್ತ. ಆಗ ಉಂಟಾದ ನಿಶ್ಶಬ್ದದಲ್ಲಿ, ಮೇಲಿನಿಂದ, ಚೀಲ ಬಿಚ್ಚಿ ಕಾಳು ಸುರಿದ ಹಾಗೆ ಸದ್ದು ಬಂತು.

ಮಾಧುರಿ ಮೆಟ್ಟಿಲು ಹತ್ತಿದ್ದು ಅವಳಿಗೆ ನೆನಪಿಲ್ಲ. ಕೋಣೆಯೊಳಗೆ ಹುಡಿಯ ಮಬ್ಬು. ಹಲಗೆ ಕಳಚಿ ನೆಲದ ಮೇಲೆ ಬಿದ್ದಿತ್ತು. ಮಂಚ ಖಾಲಿ. ಮೊಣಕಾಲು ಮಡಚಲಾರದ ಅಜ್ಜಿ ಹೇಗೋ ಎದ್ದು ಮೂಲೆಗೆ ಹೋಗಿ, ಎರಡೂ ತೋಳಿನಿಂದ ಕಂಬವನ್ನು ತಬ್ಬಿ ನಿಂತಿದ್ದಳು. ಕೆನ್ನೆ ಕಂಬಕ್ಕೆ ಒತ್ತಿತ್ತು. ಬಿಳಿ ಕೂದಲು ಹುಡಿಯಿಂದ ಕಂದಾಗಿತ್ತು. ಗೆದ್ದಲು ಅವಳ ಸೆರಗಿನ ಮೇಲೆ ಹರಿಯುತ್ತಿದ್ದವು.

"ಆಯಿ, ಬಿಡು ಅದನ್ನ."

"ನೀ ಹೋಗು ಹೊರಗ. ನಾ ಹಿಡದೀನಿ."

"ನೀ ಹಿಡದ್ರ ನಿಲ್ತದೇನ ಅದು? ಬಿಡು."

"ಬಿಟ್ರ ಬೀಳ್ತದ," ಅಂದಳು ಅಜ್ಜಿ. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. "ನನಗ ಗೊತ್ತಾಗ್ತದ, ಮೈಯಾಗ ಗೊತ್ತಾಗ್ಲಿಕ್ಕತ್ತದ. ಬಿಟ್ರ ಬೀಳ್ತದ."

ಮೇಲೆ ತೊಲೆಯ ತುದಿ ಕಂಬದ ನೆತ್ತಿಯಿಂದ ಬೆರಳಿನಷ್ಟು ಸರಿದಿತ್ತು. ನಿನ್ನೆ ಗೆರೆಯಷ್ಟಿದ್ದ ಬೆಳಕು ಇವತ್ತು ಪಟ್ಟಿಯಾಗಿತ್ತು. ಕೆಳಗೆ ಹುಡುಗರ ದನಿ ಕೇಳುತ್ತಿತ್ತು. ವೈರು ಯಾಕೆ ಕಿತ್ತೆ ಎಂದು ಋಷಿಕೇಶ ಸುಖೇಶನ ಮೇಲೆ ಕೂಗಾಡುತ್ತಿದ್ದ. ಇನ್ನೇನು ವೈರು ತಿರುಗಿ ಚುಚ್ಚುತ್ತಾರೆ.

ಮಾಧುರಿ ಕಿಟಕಿಗೆ ಹೋದಳು. ಸರಳು ಹಿಡಿಯಲು ಹೆದರಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಮರಾಠಿಯಲ್ಲಿ ಕೂಗಿದಳು. "ಹಚ್ಚಬೇಡಿ. ಮೇಲಿನ ಕಂಬ ಟೊಳ್ಳಾಗಿದೆ. ಗೋಡೆ ಬೀಳುತ್ತದೆ. ಎಲ್ಲರೂ ದೂರ ಹೋಗಿ."

ಗಲ್ಲಿ ಇಡೀ ಮೇಲೆ ನೋಡಿತು. ಹುಡುಗರು ಹಿಂದೆ ಸರಿದರು, ಒಬ್ಬರ ಕಾಲು ಒಬ್ಬರು ತುಳಿಯುತ್ತ. ಅವಧೂತ ಮಾತ್ರ ಸರಿಯಲಿಲ್ಲ. ಅವನು ಫೋನು ಎತ್ತಿ ಹಿಡಿದಿದ್ದ.

"ಮಾಧುರಿ," ಎಂದ, ಎಂದಿನ ಮೆಲುದನಿಯಲ್ಲಿ. "ಇನ್ನೊಂದು ಸಲ ಹೇಳು. ಎಂದಿನಿಂದ ಹೀಗಿದೆ ಅದನ್ನೂ ಹೇಳು."

ಅವನು ರೆಕಾರ್ಡ್ ಮಾಡುತ್ತಿದ್ದಾನೆ ಎಂದು ಅವಳಿಗೆ ಕಂಡಿತು. ಹೇಳಿದರೆ ಖೋಲಿ ಕೈಬಿಡುತ್ತದೆ ಎಂಬುದೂ ಕಂಡಿತು. ಹಿಂದೆ ಅಜ್ಜಿಯ ಹಲ್ಲುಗಳ ಸದ್ದು ನಿಂತಿರಲಿಲ್ಲ.

"ಬಹಳ ವರ್ಷಗಳಿಂದ ಇದೆ," ಎಂದಳು. "ಅಪ್ಪನಿಗೆ ಗೊತ್ತಿತ್ತು. ಹಲಗೆ ಹೊದಿಸಿ ಮುಚ್ಚಿದ್ದರು."

"ನನಗೆ ತಿಳಿಸಿದ್ದರೋ?"

"ಇಲ್ಲ."

ಅವಧೂತ ಫೋನು ಇಳಿಸಿದ. ಅವನ ಮುಖವೂ ಬೆಳ್ಳಗಾಗಿತ್ತು. "ಈ ಗೋಡೆಗೆ ಆನಿಸಿ ಇಡಿ ಎಂದು ನಾನೇ ಹೇಳಿದ್ದು," ಎಂದು ಪಕ್ಕದಲ್ಲಿದ್ದವನಿಗೆ ಹೇಳಿ, ಅಗ್ನಿಶಾಮಕದವರಿಗೆ ಫೋನು ಮಾಡಲು ಆ ಕಡೆ ತಿರುಗಿದ.

ಸುಖೇಶ್ ಹೊಟೇಲಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ಅವನೂ ಋಷಿಕೇಶನೂ ಮೇಲೆ ಬಂದರು. ಕಂಬದಿಂದ ಅಜ್ಜಿಯ ಬೆರಳುಗಳನ್ನು ಬಿಡಿಸುವುದು ಮಾಧುರಿಯ ಪಾಲಿಗೆ ಬಂತು. ಒಂದು ಕೈ ಬಿಡಿಸಿದರೆ ಇನ್ನೊಂದು ಹೋಗಿ ಹಿಡಿಯುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಒತ್ತಿಕೊಂಡು ಹಿಂದಕ್ಕೆ ಎಳೆದಳು. ಎಳೆದ ಕ್ಷಣ ಮೂವರೂ ಉಸಿರು ಹಿಡಿದು ಮೇಲೆ ನೋಡಿದರು. ಏನೂ ಆಗಲಿಲ್ಲ.

ಕಡಿದಾದ ಕಟ್ಟಿಗೆಯ ಮೆಟ್ಟಿಲು. ಸುಖೇಶ್ ಮುಂದೆ, ಋಷಿಕೇಶ ಹಿಂದೆ, ನಡುವೆ ಕುರ್ಚಿಯ ತೋಳು ಹಿಡಿದು ಅಜ್ಜಿ.

"ಮಾಧೂ," ಅಂದಳು ಅಜ್ಜಿ, "ಇವರಿಗೆ ಹೇಳವಾ. ನಮ್ಮ ಮಂದ್ಯಾಗ ಸತ್ತ ಮ್ಯಾಲ ಹಿಂಗ ಕುಂಡ್ರಿಸಿ ಒಯ್ತಾರ. ಇನ್ನೂ ಟೈಮ್ ಅದ, ಸಾವಕಾಶ ನಡೀರಿ ಅಂತ ಹೇಳು."

"ಎಂತ ಹೇಳ್ತಾರೆ?" ಎಂದು ಸುಖೇಶ್ ಬೆವರುತ್ತ ಕೇಳಿದ.

"ಸಾವಕಾಶ ಅಂತ."

ಗಲ್ಲಿಯ ನಡುವೆ, ಗೋಡೆಯಿಂದ ದೂರ, ಕುರ್ಚಿ ಇಟ್ಟರು. ಯಾರೋ ಛತ್ರಿ ಹಿಡಿದರು. ಬಹಳ ಕಾಲದ ಮೇಲೆ ಕೆಳಗಿಳಿದ ಅಜ್ಜಿ ಸುತ್ತ ನೋಡುತ್ತಿದ್ದಳು. ಎದುರಿಗೆ ಇದ್ದ ಹಿಟ್ಟಿನ ಗಿರಣಿ ಎಲ್ಲಿ ಹೋಯಿತು ಎಂದು ಕೇಳಿದಳು.

ಆಗ ಮುರುಗೆಪ್ಪ ಬಂದ. ಗುಂಪನ್ನು ಸೀಳಿಕೊಂಡು ಬಂದು, ಕುರ್ಚಿಯಲ್ಲಿ ಕೂತ ತಾಯಿಯನ್ನು ನೋಡಿದ. ಮಗಳನ್ನು ನೋಡಿದ. ಅವನು ಕೇಳಿದ್ದು ಒಂದೇ ಮಾತು.

"ಮ್ಯಾಲ ಯಾರದಾರ?"

"ಯಾರೂ ಇಲ್ರಿ," ಅಂದಳು ಮಾಧುರಿ.

ಅವನು ಓಡಿದ. ಅವಳು ಅಂಗಿ ಹಿಡಿಯಲು ಹೋದಳು, ಸಿಗಲಿಲ್ಲ. ಮೆಟ್ಟಿಲಿನ ಮೇಲೆ ಅವನ ಬೂಟಿನ ಸದ್ದು ಧಪಧಪ ಎಂದಿತು. ಒಂದೊಂದು ಧಪ್ಪಿಗೂ ಗಲ್ಲಿಯವರು ಗೋಡೆ ನೋಡಿದರು. ಸ್ವಲ್ಪ ಹೊತ್ತಿಗೆ ಅವನು ಕಿಟಕಿಯಲ್ಲಿ ಕಾಣಿಸಿಕೊಂಡ. ಕೂತ. ಕೈ ಕಟ್ಟಿಕೊಂಡ.

"ಕಾಕಾ, ಕೆಳಗೆ ಬನ್ನಿ," ಎಂದ ಅವಧೂತ. "ಖೋಲಿ ನಿಮ್ಮದೇ ಎಂದು ನಾನು ಬರೆದುಕೊಡುತ್ತೇನೆ. ಎಲ್ಲರ ಎದುರು ಹೇಳುತ್ತೇನೆ."

"ಮೋಹನದಾಸಗೂ ಹೇಳಿದ್ದಿರಿ," ಎಂದ ಮುರುಗೆಪ್ಪ ಮರಾಠಿಯಲ್ಲಿ.

ಮಾಧುರಿ ಕರೆದಳು. ಅವನು ಅವಳ ಕಡೆ ತಿರುಗಲಿಲ್ಲ. ಅಗ್ನಿಶಾಮಕದ ಗಾಡಿ ಗಲ್ಲಿಯೊಳಗೆ ಬರಲಾಗದೆ ಚೌಕಿನಲ್ಲೇ ನಿಂತಿತು. ಇಬ್ಬರು ನಡೆದು ಬಂದು ಗೋಡೆಯನ್ನು ನೋಡಿ, ನಾವು ಮೇಲೆ ಹತ್ತುವುದಿಲ್ಲ, ಭಾರ ಹೆಚ್ಚಾಗುತ್ತದೆ, ಅವರೇ ಇಳಿಯಬೇಕು ಎಂದರು. ಮಳೆ ಜೋರಾಯಿತು. ಮಾಡಿನ ನೀರು ಬಿರುಕಿನೊಳಗೆ ಹರಿದುಹೋಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಅಪ್ಪನ ತಲೆಯ ಪಕ್ಕದಲ್ಲಿ ಗಾರೆಯ ಒಂದು ತುಂಡು ಕಳಚಿ ಗಲ್ಲಿಗೆ ಬಿತ್ತು. ಅವನ ಭುಜ ಜಿಗಿದದ್ದು ಕಂಡಿತು. ಅವನು ಎದ್ದೇಳಲಿಲ್ಲ.

ಅಜ್ಜಿ ಛತ್ರಿಯನ್ನು ಪಕ್ಕಕ್ಕೆ ಸರಿಸಿದಳು.

"ಮುರುಗ್ಯಾ."

ಅವನು ನೋಡಿದ.

"ನೀ ಅಲ್ಲೇ ಕುಂತ್ರ ನನ್ನ ಮಣ್ಣಿಗೆ ಯಾರ್ ಬರ್ತಾರೋ? ಈ ಮರಾಠಿ ಹುಡುಗ್ರೇನು?"

"ಖೋಲಿ ಹೋಗ್ತದ ಯವ್ವಾ."

"ಹೋಗ್ಲಿ. ಮದವಿ ಮಾಡಿಕೊಂಡ ಬಂದಾಗಿಂದ ಅದನ್ನ ಕಾಯ್ದೇನಿ. ನಂಗೂ ಬ್ಯಾಸರಾಗೇದ. ಇಳೀ ಕೆಳಗ."

ಅವನು ಕಟ್ಟಿದ ಕೈ ಬಿಚ್ಚಿದ. ಆಮೇಲೆ ಕಿಟಕಿ ಖಾಲಿಯಾಯಿತು. ಅವನು ಮೆಟ್ಟಿಲಿಳಿದು ಹೊರಗೆ ಬಂದಾಗ ಕೈಯಲ್ಲಿ ತಾಯಿಯ ಚಪ್ಪಲಿಗಳಿದ್ದವು. ಬಗ್ಗಿ ಅವನ್ನು ಅವಳ ಪಾದಕ್ಕೆ ಹಾಕಿದ. ಮಾಧುರಿಯ ಕಡೆ ನೋಡಲಿಲ್ಲ.

ಅಗ್ನಿಶಾಮಕದವರು ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದರು. ಮಂಡಳದವರು ಪೆಟ್ಟಿಗೆಗಳನ್ನು ಹೊತ್ತು ಗಲ್ಲಿಯ ಆ ತುದಿಗೆ, ಹೊಟೇಲಿನ ಮುಂದಕ್ಕೆ ಒಯ್ದರು. ಹಂಡಿ ಒಡೆಯುವುದು ನಿಲ್ಲುವಂತಿರಲಿಲ್ಲ, ಹೊರಗಿನ ತಂಡಗಳು ಬಂದಾಗಿತ್ತು. ಮೆಲ್ಲಗೆ ಹಚ್ಚುತ್ತೇನೆ ಎಂದು ಸುಖೇಶ್ ಹೇಳಿಹೋಗಿದ್ದ. ಅಷ್ಟು ದೂರದಿಂದ ಬಯಲಿನಲ್ಲಿ ಸದ್ದು ಹಾರಿಹೋಗುತ್ತದೆ, ಇಲ್ಲಿಗೆ ಏನೂ ಬಾರದು ಎಂದು ಮಾಧುರಿಗೆ ಗೊತ್ತಿತ್ತು.

ಸಂಜೆ ಹಾಡು ಶುರುವಾಯಿತು. ಮೂವರೂ ಹಗ್ಗದ ಈಚೆ ಇದ್ದರು, ಅಜ್ಜಿ ಕುರ್ಚಿಯಲ್ಲಿ. ಸ್ವಲ್ಪ ಆಚೆ ಅವಧೂತ. ಹಾಡಿನ ಹೊಡೆತ ಬಿದ್ದಾಗಲೆಲ್ಲ ನಾಲ್ವರ ಕಣ್ಣೂ ಮೇಲೆ ಹೋಗುತ್ತಿತ್ತು. ಗೋಡೆ ನಿಂತಿತ್ತು. ಕಿಟಕಿ ಇತ್ತು, ಅದರ ಹಿಂದೆ ಬಲ್ಬು ಉರಿಯುತ್ತಲೇ ಇತ್ತು, ಮೊನ್ನೆ ತೊಳೆದು ಒಣಹಾಕಿದ ಟವೆಲು ಸರಳಿನ ಮೇಲಿತ್ತು.

ಮುರುಗೆಪ್ಪ ಅದನ್ನೇ ನೋಡುತ್ತಿದ್ದ. "ನಿಂತದ ನೋಡು," ಎಂದ, ಯಾರಿಗೂ ಅಲ್ಲದ ಹಾಗೆ. ಮತ್ತೆ ಅಂದ, "ನಿಂತದ."

ಮುಂದಿನ ಹೊಡೆತ ಬರುವ ಮೊದಲು ಮಾಧುರಿ ಉಸಿರು ಬಿಗಿಹಿಡಿದಳು. ನಿನ್ನೆಯಿಂದ ಹಾಗೇ ಹಿಡಿಯುತ್ತಿದ್ದಳು. ಆದರೆ ಈಗ ಅದು ಬೇರೆ ಕಾರಣಕ್ಕೆ ಎಂದು ತಿಳಿದು ಅವಳಿಗೆ ಹೊಸದಾಗಿ ಹೆದರಿಕೆಯಾಯಿತು. ತಾನು ಕೂಗಿದ್ದು ನಿಜವಾಗಲಿ, ಗೋಡೆ ಬೀಳಲಿ ಎಂದು ಅವಳು ಕಾಯುತ್ತಿದ್ದಳು.